ಸಿಳ್ಳಾರ ಕೇಳದ ಮಾತು

ನಮ್ಮ ಊರಿನಲ್ಲಿ ಮಾತು ಕೊಡುವ ಮುಂಚೆ ಜನ ಸುತ್ತ ಒಮ್ಮೆ ಕಣ್ಣಾಡಿಸುತ್ತಾರೆ. ಹತ್ತಿರದಲ್ಲಿ ಎಲ್ಲಾದರೂ ಸಿಳ್ಳಾರ ಇದೆಯೋ ಎಂದು ನೋಡಿಕೊಳ್ಳುತ್ತಾರೆ. ಹಕ್ಕಿ ಕೇಳಿಸಿಕೊಂಡರೆ ಮಾತು ಗಟ್ಟಿ. ಕೇಳಿಸಿಕೊಳ್ಳದಿದ್ದರೆ ಅದು ಬಾಯಿಂದ ಹೊರಟ ಗಾಳಿ, ಅಷ್ಟೇ. ಮಗಳನ್ನು ಕೊಡುತ್ತೇನೆ ಎಂದರೂ ಅಷ್ಟೇ, ನಾಳೆ ಬಂದು ದೋಣಿಯ ತೂತು ಮುಚ್ಚಿಕೊಡುತ್ತೇನೆ ಎಂದರೂ ಅಷ್ಟೇ, ಸತ್ತರೂ ನಿನ್ನ ಮುಖ ನೋಡುವುದಿಲ್ಲ ಎಂದರೂ ಅಷ್ಟೇ. ಇದು ಯಾವಾಗಿನಿಂದ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳಿಲ್ಲ. ಉಪ್ಪುನೀರು ಯಾಕೆ ಉಪ್ಪು ಎಂದು ಕೂಡ ನಾವು ಕೇಳಿದವರಲ್ಲ.

ಈ ಹಕ್ಕಿ ನಮ್ಮ ದ್ವೀಪದಲ್ಲಿ ಮತ್ತು ಎದುರಿಗೆ ಕಾಣುವ ಎರಡು ಬೋಳು ನಡುಗಡ್ಡೆಗಳಲ್ಲಿ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲವಂತೆ. ದೂರದಿಂದ ದುರ್ಬೀನು ಹಿಡಿದು ಬಂದವರು ಹಾಗೆ ಹೇಳುತ್ತಾರೆ. ಬೇರೆಲ್ಲಿ ಏನುಂಟೆಂದು ನಮಗೆ ಗೊತ್ತಿಲ್ಲವಾದ್ದರಿಂದ ನಾವು ತಲೆಯಾಡಿಸುತ್ತೇವೆ. ಮಣ್ಣಿನ ಬಣ್ಣದ ಮೈ, ಎದೆಯ ಮೇಲೆಲ್ಲ ಸಾರು ಸಿಡಿದ ಹಾಗೆ ಕಪ್ಪು ಚುಕ್ಕೆ, ಗಟ್ಟಿಮುಟ್ಟಾದ ಉದ್ದ ಕಾಲು. ರೆಕ್ಕೆ ಇದ್ದರೂ ಹಾರುವುದಕ್ಕೆ ಸೋಮಾರಿ, ನಡೆದೇ ಬರುತ್ತದೆ. ಹೆಸರಿಗೆ ಸಿಳ್ಳಾರ, ಸಿಳ್ಳು ಹಾಕಿದರೆ ಎಣ್ಣೆ ಕಾಣದ ಬಾಗಿಲು ತೆರೆದ ಹಾಗೆ ಕೇಳುತ್ತದೆ. ನನ್ನ ಹೆಸರೂ ಹಾಗೆಯೇ. ಅಪ್ಪ ಅಮ್ಮ ಇಟ್ಟದ್ದು ಸಣ್ಣಮ್ಮ, ಊರವರು ಕರೆಯುವುದು ಸಣ್ಣಕ್ಕ, ಆದರೆ ನಾನು ಕೂತರೆ ಬೆಂಚಿನ ಮೇಲೆ ಇನ್ನೊಬ್ಬರಿಗೆ ಜಾಗವಿರುವುದಿಲ್ಲ.

ಸಿಳ್ಳಾರಕ್ಕೆ ಮನುಷ್ಯರ ಭಯವೇ ಇಲ್ಲ. ಅಡುಗೆಮನೆಗೆ ನಡೆದು ಬಂದು, ಒಲೆಯ ಪಕ್ಕ ನಿಂತು, ಸೊಸೆ ಉಪ್ಪು ಎಷ್ಟು ಹಾಕುತ್ತಾಳೆಂದು ನೋಡುವ ಅತ್ತೆಯ ಹಾಗೆ ನೋಡುತ್ತದೆ. ಎರೆಹುಳು, ಮೀನಿನ ಕರುಳು, ದೋಸೆಯ ಚೂರು, ಏನು ಸಿಕ್ಕಿದರೂ ನುಂಗುತ್ತದೆ. ಆದರೆ ಅದು ಪ್ರಾಣ ಬಿಡುವುದು ಮೊಟ್ಟೆಗೆ. ಕಡಲಹಕ್ಕಿಗಳ ಗೂಡಿಗೆ ಹೋಗಿ, ಮೊಟ್ಟೆಗೆ ಕೊಕ್ಕಿನಿಂದ ತೂತು ಹೊಡೆದು, ಕುಂಚದಂಥ ನಾಲಿಗೆ ಹಾಕಿ, ಚಿಪ್ಪು ಮಾತ್ರ ಉಳಿಯುವ ಹಾಗೆ ನೆಕ್ಕಿ ಬರುತ್ತದೆ. ಮಾತು ಕೇಳಿಸಿಕೊಳ್ಳುವಾಗ ಅದು ತಲೆಯನ್ನು ಒಂದು ಕಡೆಗೆ ವಾಲಿಸಿ ಅಲ್ಲಾಡದೆ ನಿಲ್ಲುತ್ತದೆ. ಅದು ಮಣ್ಣಿನೊಳಗಿನ ಹುಳುವಿನ ಸದ್ದಿಗೆ ಕಿವಿಗೊಡುವ ಭಂಗಿ ಎಂದು ದುರ್ಬೀನಿನವರೊಬ್ಬರು ನನಗೆ ವಿವರಿಸಿದರು. ಇರಬಹುದು. ಹುಳು ಹುಡುಕುತ್ತಾ ಮಾತು ಕೇಳಬಾರದು ಎಂದೇನಿಲ್ಲವಲ್ಲ. ನಾನು ದೋಸೆ ಹುಯ್ಯುತ್ತಾ ಇಡೀ ಊರಿನ ಸುದ್ದಿ ಕೇಳುತ್ತೇನೆ.

ಇಂಥ ಊರಿನಲ್ಲಿ ಬದುಕುವುದಕ್ಕೆ ಸ್ವಲ್ಪ ಅಭ್ಯಾಸ ಬೇಕು. ಮೀನು ಮಾರುವ ಹೆಂಗಸರು ಬುಟ್ಟಿಯ ಪಕ್ಕ ಒಂದಿಷ್ಟು ಕರುಳು ಹಾಕಿಟ್ಟು ಹಕ್ಕಿಯನ್ನು ಕೂರಿಸಿಕೊಂಡೇ ಬೆಲೆ ಹೇಳುತ್ತಾರೆ. ಕೊಳ್ಳುವವರಿಗೆ ಮನಸ್ಸು ಗಟ್ಟಿಯಿಲ್ಲದಿದ್ದರೆ ಮೆಲ್ಲಗೆ ಕಾಲಿನಿಂದ ಹಕ್ಕಿಯನ್ನು ಆಚೆ ಸರಿಸುತ್ತಾರೆ. ಸಿಟ್ಟು ಬಂದವರು ಬಾಯಿ ತೆರೆಯುವ ಮೊದಲು ಅಂಗಳ ನೋಡಬೇಕು. ಮೇಲಿನ ಕೇರಿಯ ಈರಪ್ಪ ನೋಡದೆ ಬಾಯಿಬಿಟ್ಟ. ಇನ್ನು ಅಣ್ಣನ ಮನೆಯ ಹೊಸಿಲು ದಾಟುವುದಿಲ್ಲ ಎಂದು ಕೂಗಿದ, ಕೂಗಿದ ಮೇಲೆ ನೋಡಿದರೆ ಬಾವಿಕಟ್ಟೆಯ ಮೇಲೆ ಸಿಳ್ಳಾರ ತಲೆ ವಾಲಿಸಿ ನಿಂತಿದೆ. ಅಣ್ಣತಮ್ಮಂದಿರ ಜಗಳ ಮರುದಿನವೇ ಮುಗಿಯಿತು. ಈರಪ್ಪ ಮಾತ್ರ ಇವತ್ತಿಗೂ ಹಬ್ಬದ ದಿನ ಅಣ್ಣನ ಮನೆಯ ಕಿಟಕಿಯ ಹೊರಗೆ ಕುರ್ಚಿ ಹಾಕಿ ಕೂತು, ಒಳಗಿಂದ ಕೊಟ್ಟದ್ದನ್ನು ಸರಳುಗಳ ನಡುವೆ ಕೈ ಹಾಕಿ ತೆಗೆದುಕೊಂಡು ಉಣ್ಣುತ್ತಾನೆ. ಅತ್ತಿಗೆ ಅವನಿಗಾಗಿಯೇ ಚಪ್ಪಟೆ ತಟ್ಟೆ ತರಿಸಿದ್ದಾಳೆ.

ಮಳೆಗಾಲದಲ್ಲಿ ಸಿಳ್ಳಾರಗಳೆಲ್ಲ ಗೂಡು ಕಟ್ಟಲು ಗುಡ್ಡ ಹತ್ತಿಬಿಡುತ್ತವೆ. ಆ ಕಾಲವನ್ನು ನಾವು ಸಡಿಲು ತಿಂಗಳು ಎನ್ನುತ್ತೇವೆ. ಆಗ ಯಾರ ಮಾತಿಗೂ ತೂಕವಿಲ್ಲ. ಕಂಡವರು ಕಂಡವರಿಗೆ ಬಂಗಾರದ ಸರ ಮಾಡಿಸಿಕೊಡುತ್ತೇವೆ ಎನ್ನುತ್ತಾರೆ, ಮುದುಕರು ಮುದುಕಿಯರಿಗೆ ಹಡಗು ಹತ್ತಿಸಿ ಊರು ತೋರಿಸುತ್ತೇವೆ ಎನ್ನುತ್ತಾರೆ. ಕೇಳಲು ಚೆಂದ. ಮಳೆ ಮುಗಿದು ಮೊದಲ ಹಕ್ಕಿ ಕೆಳಗಿಳಿದ ದಿನ ಇಡೀ ಊರು ಮಾಸ್ತರರು ಕ್ಲಾಸಿಗೆ ಬಂದ ಹಾಗೆ ಬಾಯಿ ಮುಚ್ಚುತ್ತದೆ.

ನನ್ನ ಹೋಟೆಲು ಇರುವುದು ದೋಣಿಗಳು ಬಂದು ನಿಲ್ಲುವ ದಕ್ಕೆಯ ಬಾಯಿಯಲ್ಲಿ. ಹೋಟೆಲು ಎಂದರೆ ದೊಡ್ಡದೇನಲ್ಲ, ನೀರುದೋಸೆ, ಮೀನುಸಾರು, ಚಾ. ನನ್ನ ಗಂಡ ಜ್ವರ ಬಂದು ತೀರಿಕೊಂಡ ಮೇಲೆ ನಾನೊಬ್ಬಳೇ ನಡೆಸಿದೆ. ನಾನೀಗ ಹೇಳಹೊರಟಿರುವುದು ಅವರ ಕಥೆಯಲ್ಲ, ಜಟ್ಟಪ್ಪನವರದ್ದು.

ಜಟ್ಟಪ್ಪನವರು ಹರಿದ ಬಲೆ ಹೆಣೆದುಕೊಡುವವರು. ಊರಿನ ತೆಂಕಣ ತುದಿಯಲ್ಲಿ ಒಬ್ಬರೇ ಇದ್ದರು. ದ್ವೀಪದಲ್ಲಿ ಕೋಳಿ ಸಾಕಿದವರು ಅವರೊಬ್ಬರೇ. ಬೇರೆಯವರೂ ಸಾಕಿ ನೋಡಿದ್ದರು. ಮೊಟ್ಟೆಯಿಟ್ಟ ಕೋಳಿ ಕೊಕ್ಕೊಕ್ಕೋ ಎಂದು ಸುದ್ದಿ ಸಾರುವಷ್ಟರಲ್ಲಿ ಸಿಳ್ಳಾರ ಗೂಡಿನೊಳಗೆ ಇರುತ್ತಿತ್ತು, ಹಾಗಾಗಿ ಎಲ್ಲರೂ ಕೈಬಿಟ್ಟರು. ಜಟ್ಟಪ್ಪನವರು ಹುಟ್ಟಾ ಹಟಮಾರಿ. ಹಳೆಯ ಬಲೆಗಳನ್ನೆಲ್ಲ ಸುತ್ತ ಕಟ್ಟಿ, ಕೈಯಲ್ಲೊಂದು ಉದ್ದ ಕಡ್ಡಿಪೊರಕೆಯ ಹಿಡಿಸೂಡಿ ಹಿಡಿದು, ಹುಶ್ ಹುಶ್ ಎಂದು ಓಡಾಡಿದರು. ಹರೆಯದಲ್ಲಿ ಶುರುಮಾಡಿದ ಹುಶ್ ತಲೆ ನರೆಯುವವರೆಗೂ ನಡೆಯಿತು. ಸಿಳ್ಳಾರಗಳೂ ಬುದ್ಧಿವಂತ ಜಾತಿ. ತಮ್ಮ ಮರಿಗಳಿಗೆ ಇವರನ್ನು ತೋರಿಸಿಕೊಟ್ಟು ಕಲಿಸಿದವೋ ಏನೋ, ಇವರ ತಲೆ ಕಂಡರೆ ಸಾಕು, ಮೊಟ್ಟೆಯೊಡೆದು ಬಂದ ಹೊಸ ಹಕ್ಕಿಯೂ ಕಿರುಗುಟ್ಟಿಕೊಂಡು ಓಡುತ್ತಿತ್ತು.

ಇದರಿಂದ ಆದದ್ದೇನೆಂದರೆ, ಜಟ್ಟಪ್ಪನವರ ಒಂದೇ ಒಂದು ಮಾತೂ ಈ ಊರಿನಲ್ಲಿ ಗಟ್ಟಿಯಾಗಲಿಲ್ಲ. ಅವರು ಯಾರಿಗೂ ಏನನ್ನೂ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಬಲೆ ಹೆಣೆದುಕೊಟ್ಟರೆ ಜನ ಅಕ್ಕಿಯನ್ನೋ ಎಣ್ಣೆಯನ್ನೋ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಹುಡುಗಿ ನೋಡಲು ಹೋದರೆ ಹುಡುಗಿಯ ಮನೆಯ ಅಂಗಳದ ಹಕ್ಕಿಗಳೆಲ್ಲ ಖಾಲಿಯಾಗುತ್ತಿದ್ದವು. ಮೊದಮೊದಲು ಅವರ ಮಾತಿನಲ್ಲೇ ಏನೋ ಐಬು ಇರಬೇಕೆಂದು ಜನ ಪಿಸುಗುಟ್ಟಿದರಂತೆ. ಆಮೇಲೆ ಎಲ್ಲರಿಗೂ ಅದರ ಉಪಯೋಗ ಹೊಳೆಯಿತು. ಅವರ ಸುತ್ತ ಹಕ್ಕಿಯೇ ಇಲ್ಲ ಎಂದ ಮೇಲೆ ಅವರ ಅಂಗಳದಲ್ಲಿ ಯಾರು ಏನು ಬೇಕಾದರೂ ಹೇಳಬಹುದು. ಸೊಸೆಯಂದಿರು ಅತ್ತೆಯನ್ನು ಬೈಯಲು ಅಲ್ಲಿಗೆ ಹೋದರು, ಅತ್ತೆಯಂದಿರು ಬೇರೆ ಹೊತ್ತಿನಲ್ಲಿ ಹೋದರು. ಊರಿನ ನ್ಯಾಯ ನೋಡುವ ಬೀರಯ್ಯ ಗುರಿಕಾರರು ಕೂಡ, ಈ ಗುರಿಕಾರಿಕೆ ಯಾವನಿಗೆ ಬೇಕು, ನಾಳೆಯೇ ಬಿಟ್ಟುಬಿಡುತ್ತೇನೆ ಎಂದು ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಹೇಳಿ, ಹಗುರಾಗಿ ಮನೆಗೆ ಬರುತ್ತಿದ್ದರು. ಜಟ್ಟಪ್ಪನವರು ಬಲೆಯಿಂದ ಕಣ್ಣೆತ್ತದೆ ಎಲ್ಲವನ್ನೂ ಕೇಳುತ್ತಿದ್ದರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ದಾಟಿಸಿದ್ದು ಒಂದು ದಿನವೂ ಇಲ್ಲ.

ನಾನೂ ಒಮ್ಮೆ ಹೋದೆ. ಮೊಟ್ಟೆ ಬೇಕಿತ್ತು ಎಂಬ ನೆಪ. ಹೋಗಿ ನಿಂತವಳು, ತೀರಿಹೋದ ಗಂಡನ ಮೇಲೆ ನನಗೆ ಎಷ್ಟು ಸಿಟ್ಟಿದೆ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಒಬ್ಬಳನ್ನೇ ಬಿಟ್ಟು ಹೋದದ್ದಕ್ಕೆ ಬೈದೆ, ಬೈದು ಬೈದು ಅತ್ತುಬಿಟ್ಟೆ. ಜಟ್ಟಪ್ಪನವರು ಬಲೆ ಬದಿಗಿಟ್ಟರು. ಎದ್ದು ಹೋಗಿ, ಕೋಳಿಯ ಅಡಿಯಿಂದ ಆಗಷ್ಟೇ ಇಟ್ಟ ಮೊಟ್ಟೆ ತಂದು ನನ್ನ ಅಂಗೈಯಲ್ಲಿಟ್ಟರು.

"ಬಿಸಿ ಉಂಟು, ಹಿಡ್ಕೊಳ್ಳಿ" ಎಂದರು.

ಅಂದಿನಿಂದ ಅವರು ದಿನವೂ ಬೆಳಿಗ್ಗೆ ಹಕ್ಕಿಗಳು ಏಳುವ ಮೊದಲೇ ಬಂದು ಹೋಟೆಲಿನ ಹಿಂದೆ ಮೊಟ್ಟೆಯ ಮುಚ್ಚಿದ ಬುಟ್ಟಿ ಇಡುವುದು, ನಾನು ಅದೇ ಜಾಗದಲ್ಲಿ ದೋಸೆ ಕಟ್ಟಿಡುವುದು ರೂಢಿಯಾಯಿತು. ಅವರು ಒಳಗೆ ಬರುತ್ತಿರಲಿಲ್ಲ. ಚಾ ಬೇಕಾದರೆ ದಕ್ಕೆಯ ಆಚೆಯ ಕಂಬದ ಹತ್ತಿರ ನಿಲ್ಲುತ್ತಿದ್ದರು, ನಾನು ಲೋಟ ಕೊಟ್ಟು ಕಳಿಸುತ್ತಿದ್ದೆ. ನನಗೆ ಹೊತ್ತು ಸಿಕ್ಕಿದಾಗ ಅವರ ಅಂಗಳಕ್ಕೆ ಹೋಗಿ ಕೂರುತ್ತಿದ್ದೆ. ಬೈಯಲು ಯಾರೂ ಇಲ್ಲದಿದ್ದರೂ ಹೋಗುತ್ತಿದ್ದೆ. ಹೀಗೆ ಕೆಲವು ವರ್ಷ ಕಳೆದ ಮೇಲೆ, ಒಂದು ಸಂಜೆ ನಾನೇ ಬಾಯಿಬಿಟ್ಟೆ.

"ನೀವು ನನ್ನಲ್ಲೇ ಬಂದು ಉಣ್ಣಬಹುದಲ್ಲ" ಎಂದೆ.

"ಇವತ್ತಾ?"

"ದಿನಾ."

ಅವರ ಕೈಯಲ್ಲಿದ್ದ ಬಲೆಯ ಸೂಜಿ ನಿಂತಿತು. ಕಿವಿ ಕೆಂಪಾಯಿತು. "ಇಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಗೊತ್ತುಂಟಲ್ಲ ಸಣ್ಣಮ್ಮ?" ಎಂದರು.

"ಗೊತ್ತುಂಟು. ಲೆಕ್ಕಕ್ಕೆ ಇಲ್ಲದಿದ್ರೂ ಕೇಳ್ತಾ ಇದ್ದೇನೆ."

"ನನಗೆ ಲೆಕ್ಕಕ್ಕೆ ಇರುವ ಹಾಗೆಯೇ ಹೇಳ್ಬೇಕು ಅಂತ ಆಸೆ" ಎಂದರು ಅವರು. "ಊರವರೆಲ್ಲ ಇಲ್ಲಿ ಬಂದು ಮಾತು ಚೆಲ್ಲಿ ಹೋಗ್ತಾರೆ. ನನ್ನದು ಅಂತ ಒಂದು ಮಾತು ಗಟ್ಟಿ ಆಗದೆ ನಾನು ಸಾಯಬಾರದು. ದೂರದ ಒಂದು ದ್ವೀಪದಲ್ಲಿ ದೀಪಸ್ತಂಭದವರು ಮೊಟ್ಟೆಗೆ ಜನ ಹುಡುಕ್ತಾ ಇದ್ದಾರಂತೆ. ಇಸುಬು ತಂಡೇಲರು ಮಚವೆಯಲ್ಲಿ ನನ್ನನ್ನೂ ಕೋಳಿಗಳನ್ನೂ ಕರ್ಕೊಂಡು ಹೋಗ್ತೇನೆ ಅಂದಿದ್ದಾರೆ. ಅಲ್ಲಿ ಸಿಳ್ಳಾರ ಇಲ್ಲ. ಅಲ್ಲಿ ಯಾರು ಹೇಳಿದ್ರೂ ಮಾತು ಮಾತೇ ಅಂತೆ."

ಇಸುಬು ತಂಡೇಲರು ನಡೆಸುವ ಮಚವೆ, ಆ ದೊಡ್ಡ ಸರಕಿನ ಹಾಯಿದೋಣಿ, ಮಳೆಗೆ ಮುಂಚೆ ಬರುವುದು ಇನ್ನೊಂದೇ ಸಲ. ಅದರಲ್ಲಿ ಹೋದವರು ತಿರುಗಿ ಬಂದದ್ದು ಕಡಿಮೆ.

"ಮೊದಲು ಕಟ್ಟೆ ಹತ್ತಿ ನೋಡುವ" ಎಂದೆ. "ಆಗದಿದ್ರೆ ಆಮೇಲೆ ಹೋಗಿ."

ನಮ್ಮಲ್ಲಿ ಮದುವೆ ಎಂದರೆ ಇಷ್ಟೇ. ಊರಿನ ನಡುವಿನ ಮಾತಿನ ಕಟ್ಟೆಯ ಮೇಲೆ ಗಂಡು ಹೆಣ್ಣು ಇಬ್ಬರೂ ನಿಂತು, ಒಂದು ಸಿಳ್ಳಾರ ಕೇಳುವ ಹಾಗೆ, ಒಬ್ಬರಿಗೊಬ್ಬರು ಮಾತು ಕೊಡಬೇಕು. ಹಕ್ಕಿ ಕೇಳಿತು ಎಂದು ಗುರಿಕಾರರು ಹೇಳಬೇಕು. ಹಕ್ಕಿ ಕೇಳದಿದ್ದರೆ ಆ ಜೋಡಿ ಮಳೆಗಾಲ ಕಳೆಯುವ ತನಕ ಮತ್ತೆ ಕಟ್ಟೆ ಹತ್ತುವಂತಿಲ್ಲ. ಅಂದರೆ ನಮಗೆ ಇದ್ದದ್ದು ಒಂದೇ ಅವಕಾಶ.

ನಾನು ಸುಮ್ಮನೆ ಕೂರುವವಳಲ್ಲ. ಜಟ್ಟಪ್ಪನವರಿಗೆ ಸೀಗೆಪುಡಿ ಕೊಟ್ಟು ಕೋಳಿಯ ವಾಸನೆ ಹೋಗುವಷ್ಟು ತಿಕ್ಕಿಕೊಳ್ಳಿ ಎಂದೆ. ಹಳೆಯ ಅಂಗಿಯನ್ನು ಒಲೆಗೆ ಹಾಕಿ ಹೊಸದು ಹೊಲಿಸಿದೆ. ಮೀಸೆ ತೆಗೆಸಿದೆ, ಹಕ್ಕಿಗೆ ಗುರುತು ಸಿಗದಿರಲಿ ಎಂದು. ಮೀಸೆ ತೆಗೆದ ಮೇಲೆ ನನಗೇ ಗುರುತು ಸಿಗಲಿಲ್ಲ, ಆದರೆ ನನ್ನ ಹೋಟೆಲಿನ ಹಕ್ಕಿಗೆ ಸಿಕ್ಕಿತು. ದೂರದ ಕಂಬದ ಹತ್ತಿರ ಅವರನ್ನು ಕಂಡದ್ದೇ ತಡ, ಮೇಜಿನ ಅಡಿ ನುಗ್ಗಿತು. ಕೊನೆಗೆ ನನಗೊಂದು ಉಪಾಯ ಹೊಳೆಯಿತು.

"ಕಟ್ಟೆಗೆ ಬರುವಾಗ ಕೈಯಲ್ಲಿ ಒಂದು ಮೊಟ್ಟೆ ಹಿಡ್ಕೊಂಡು ಬನ್ನಿ" ಎಂದೆ. "ಬೇಯಿಸಿ, ಸಿಪ್ಪೆ ತೆಗೆದು. ಮೊಟ್ಟೆ ಕಂಡ್ರೆ ಅದು ಯಮನ ಹತ್ತಿರವಾದ್ರೂ ಬರ್ತದೆ."

ಜಟ್ಟಪ್ಪನವರು ನನ್ನನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. "ನಾನಾ?" ಎಂದರು. "ನನ್ನ ಕೈಯಾರೆ? ಅದಕ್ಕೆ ಮೊಟ್ಟೆ?"

"ನಿಮಗೆ ನಾನು ಬೇಕಾ ಬೇಡ್ವಾ?"

ಅವರು ಎದ್ದು ಹೋಗಿ ಕೋಳಿಗೂಡಿನ ಬಾಗಿಲು ಭದ್ರವಾಗಿದೆಯೇ ಎಂದು ನೋಡಿ ಬಂದರು. ಆಮೇಲೆ, "ಆಗ್ಲಿ. ಆದ್ರೆ ಅದು ಯಾವ ಕೋಳಿದ್ದು ಅಂತ ನನಗೆ ಹೇಳ್ಬೇಡಿ" ಎಂದರು.

ಆ ದಿನ ಕಟ್ಟೆಯ ಸುತ್ತ ಊರಿಗೆ ಊರೇ ಸೇರಿತ್ತು. ನಿಜ ಹೇಳಬೇಕೆಂದರೆ ಅವರಲ್ಲಿ ಅರ್ಧ ಜನಕ್ಕೆ ನಮ್ಮ ಮದುವೆ ಆಗಬೇಕೆಂದೂ ಇತ್ತು, ಆಗಬಾರದೆಂದೂ ಇತ್ತು. ಜಟ್ಟಪ್ಪನ ಹತ್ತಿರ ಹಕ್ಕಿ ಬರಲು ಶುರುವಾದರೆ ಇನ್ನು ಮಾತು ಚೆಲ್ಲಲು ಎಲ್ಲಿಗೆ ಹೋಗುವುದು? ಗುರಿಕಾರರ ಹೆಂಡತಿ ಪದ್ದಕ್ಕ ಮುಂದಿನ ಸಾಲಿನಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಜಟ್ಟಪ್ಪನವರು ಹೊಸ ಅಂಗಿಯಲ್ಲಿ, ಮೀಸೆಯಿಲ್ಲದ ಮುಖದಲ್ಲಿ, ಅಂಗೈಯ ಮೇಲೆ ಬಿಳಿಯ ಮೊಟ್ಟೆ ಇಟ್ಟುಕೊಂಡು ಕಟ್ಟೆ ಹತ್ತಿದರು. ನಾನು ಎದುರಿಗೆ ನಿಂತೆ. ಯಾರೂ ಕೆಮ್ಮಲಿಲ್ಲ.

ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಜನರ ಕಾಲುಗಳ ಸಂದಿಯಿಂದ ಒಂದು ಸಿಳ್ಳಾರ ನಡೆದು ಬಂತು. ಜಟ್ಟಪ್ಪನವರನ್ನು ನೋಡಿ ನಿಂತಿತು. ಹಿಂದೆ ಸರಿಯಿತು. ಮೊಟ್ಟೆ ನೋಡಿತು. ಮುಂದೆ ಬಂತು. ಕಟ್ಟೆಯ ಮೇಲೆ ಹಾರಿ, ಅವರ ಪಾದದಿಂದ ಮೊಳದಷ್ಟು ದೂರದಲ್ಲಿ ನಿಂತು ತಲೆಯನ್ನು ಒಂದು ಕಡೆಗೆ ವಾಲಿಸಿತು. ನನ್ನ ಜನ್ಮದಲ್ಲಿ ಅವರ ಅಷ್ಟು ಹತ್ತಿರ ಹಕ್ಕಿ ನಿಂತದ್ದನ್ನು ನಾನು ನೋಡಿರಲಿಲ್ಲ.

"ಹೇಳು ಜಟ್ಟಪ್ಪ, ಹೇಳು" ಎಂದರು ಗುರಿಕಾರರು ಉಸಿರಿನಲ್ಲೇ.

"ನಾನು, ಜಟ್ಟಪ್ಪ" ಎಂದು ಶುರುಮಾಡಿದರು ಅವರು. "ಸಣ್ಣಮ್ಮನಿಗೆ..."

ಅಷ್ಟರಲ್ಲಿ ಹಕ್ಕಿ ಮೇಲಕ್ಕೆ ನೆಗೆದು ಮೊಟ್ಟೆಗೆ ಕೊಕ್ಕು ಚಾಚಿತು. ಅವರ ಇನ್ನೊಂದು ಕೈ ತಾನಾಗಿ ಮೇಲೆ ಹೋಯಿತು. ಬಾಯಿಂದ ತಾನಾಗಿ ಹೊರಟಿತು.

"ಹುಶ್!"

ಹಕ್ಕಿ ಹೋಯಿತು. ಹೋಗುವಾಗ ಇಡೀ ಊರಿಗೆ ಕೇಳುವ ಹಾಗೆ ಕಿರುಗುಟ್ಟಿಕೊಂಡು ಹೋಯಿತು.

ಜನ ನಕ್ಕರು. ಸುಳ್ಳೇಕೆ, ನಾನೂ ನಕ್ಕೆ. ನಗದಿರಲು ಯಾರಿಂದಲೂ ಸಾಧ್ಯವಿರಲಿಲ್ಲ. ಗುರಿಕಾರರು ಕಟ್ಟೆಯ ಅಂಚಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡರು. ಜಟ್ಟಪ್ಪನವರು ಮಾತ್ರ ತಮ್ಮ ಕೈಯನ್ನೇ ನೋಡುತ್ತಾ ನಿಂತಿದ್ದರು, ಅದು ಬೇರೆ ಯಾರದ್ದೋ ಕೈ ಎನ್ನುವ ಹಾಗೆ. ನಗು ಮೆಲ್ಲಗೆ ನಿಂತಿತು. ಅವರು ಮೊಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಇಳಿದು, ಯಾರನ್ನೂ ನೋಡದೆ ತಮ್ಮ ಮನೆಯ ದಾರಿ ಹಿಡಿದರು. ನಾನು ಆ ಮೊಟ್ಟೆಯನ್ನು ಎತ್ತಿ ಸೆರಗಿನೊಳಗೆ ಇಟ್ಟುಕೊಂಡೆ.

ಆಮೇಲಿನ ದಿನಗಳಲ್ಲಿ ಅವರು ಕೋಳಿಗಳಿಗೆ ಬುಟ್ಟಿ ಹೆಣೆದರು. ನಾನು ಹೋಗಿ ಬೇಡ ಎಂದೆ, ಜಗಳ ಮಾಡಿದೆ, ಮಳೆ ಕಳೆದ ಮೇಲೆ ಇನ್ನೊಮ್ಮೆ ನೋಡುವ ಎಂದೆ. "ಈ ಕೈ ಇನ್ನೊಮ್ಮೆಯೂ ಹಾಗೇ ಮಾಡ್ತದೆ ಸಣ್ಣಮ್ಮ" ಎಂದರು ಅವರು. ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಭಯ ತಂದದ್ದು. ಊರವರಿಗೂ ಈಗ ಚಿಂತೆ ಹತ್ತಿತು. ಕಟ್ಟೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕ ಪದ್ದಕ್ಕ ನನ್ನ ಹೋಟೆಲಿಗೆ ಬಂದು, ದೋಸೆ ಮುಟ್ಟದೆ ಕೂತಳು. "ಅವರು ಹೋದ್ರೆ ನಾವು ಯಾರ ಹತ್ತಿರ ಹೇಳಿಕೊಳ್ಳುದು ಸಣ್ಣಕ್ಕ?" ಎಂದಳು. ಗುರಿಕಾರರ ಹತ್ತಿರ ಕೇಳಿದರೆ, ನಿಯಮ ನಾನು ಮಾಡಿದ್ದಲ್ಲ ಎಂದರು. ಅದೂ ಸರಿಯೇ.

ಮಚವೆ ಬಂದ ದಿನ ಬೆಳಿಗ್ಗೆ ದಕ್ಕೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕಿ ಮೂಟೆ ಇಳಿಯುತ್ತಿತ್ತು, ಒಣಮೀನು ಹತ್ತುತ್ತಿತ್ತು. ಕೋಳಿಗಳು ಬುಟ್ಟಿಯೊಳಗಿಂದ ತಲೆ ಹೊರಹಾಕಿ ಎಲ್ಲರನ್ನೂ ಬೈಯುತ್ತಿದ್ದವು. ನಾನು ಒಲೆಯ ಮುಂದೆ ನಿಂತು ದೋಸೆ ಹುಯ್ಯುತ್ತಿದ್ದೆ. ಹುಯ್ದದ್ದೆಲ್ಲ ಹರಿಯುತ್ತಿತ್ತು. ನನ್ನ ಹೋಟೆಲಿನ ಸಿಳ್ಳಾರ ಪಕ್ಕದಲ್ಲಿ ನಿಂತು ಹರಿದ ಚೂರುಗಳನ್ನು ಖುಷಿಯಲ್ಲಿ ನುಂಗುತ್ತಿತ್ತು. ಕಣ್ಣೆತ್ತಿದರೆ, ಜಟ್ಟಪ್ಪನವರು ಆಚೆಯ ಕಂಬದ ಹತ್ತಿರ ಬಿಸಿಲಿನಲ್ಲಿ ನಿಂತಿದ್ದಾರೆ. ಕೊನೆಯ ಚಾಕ್ಕೆ ಬಂದಿದ್ದರು.

ಇವರು ಯಾಕೆ ಅಷ್ಟು ದೂರ ನಿಲ್ಲುತ್ತಾರೆ ಎಂದು ಇಷ್ಟು ವರ್ಷ ನಾನು ಯೋಚಿಸಿರಲಿಲ್ಲ. ಸಂಕೋಚದ ಮನುಷ್ಯ ಎಂದುಕೊಂಡಿದ್ದೆ. ಆ ಬೆಳಿಗ್ಗೆ ಹಕ್ಕಿಯನ್ನೂ ಅವರನ್ನೂ ಒಟ್ಟಿಗೆ ನೋಡಿದಾಗ ಅರ್ಥವಾಯಿತು. ಅವರು ಒಂದು ಹೆಜ್ಜೆ ಹತ್ತಿರ ಬಂದರೆ ನನ್ನ ಹಕ್ಕಿ ಓಡುತ್ತದೆ. ಹಕ್ಕಿ ಓಡಿದರೆ ನನ್ನ ಅಂಗಡಿಯಲ್ಲಿ ಆಡಿದ ಮಾತಿಗೆ ಬೆಲೆಯಿಲ್ಲ, ನನ್ನ ವ್ಯಾಪಾರ ನಡೆಯುವುದಿಲ್ಲ. ಅದಕ್ಕೆ ಅವರು ಮಳೆಯಲ್ಲೂ ಬಿಸಿಲಲ್ಲೂ ಕಂಬದ ಹತ್ತಿರವೇ ನಿಂತು ಚಾ ಕುಡಿದಿದ್ದರು. ಹೀಗೆ ಮಾಡುತ್ತೇನೆ ಎಂದು ಅವರು ಯಾರಿಗೂ ಮಾತು ಕೊಟ್ಟಿರಲಿಲ್ಲ. ಯಾವ ಹಕ್ಕಿಯೂ ಕೇಳಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು, ಕಾವಲಿ ಕಾಣಿಸಲಿಲ್ಲ.

ನಾನು ಸಟ್ಟುಗ ಕೆಳಗಿಟ್ಟೆ. ಗಂಟಲು ಸರಿಮಾಡಿಕೊಂಡು, ಕಂಬದವರೆಗೂ ಕೇಳುವ ಹಾಗೆ ಹೇಳಿದೆ. "ನಾನು ಸಣ್ಣಮ್ಮ. ಇವತ್ತಿನಿಂದ ನಾನು ಜಟ್ಟಪ್ಪನವರ ಹೆಂಡತಿ. ಇದು ನನ್ನ ಮಾತು."

ಒಲೆಯ ಪಕ್ಕದ ಸಿಳ್ಳಾರ ನುಂಗುವುದನ್ನು ನಿಲ್ಲಿಸಿತು. ತಲೆಯನ್ನು ಒಂದು ಕಡೆಗೆ ವಾಲಿಸಿತು. ಮೂಟೆ ಹೊತ್ತವರು ಹೊತ್ತಲ್ಲೇ ನಿಂತರು.

ಬೀರಯ್ಯ ಗುರಿಕಾರರು ಬೆಂಚಿನ ಮೇಲೆಯೇ ಇದ್ದರು, ಬಾಯಿಯ ತುಂಬ ದೋಸೆ. ನುಂಗಿ, ನೀರು ಕುಡಿದು, ಹಕ್ಕಿಯನ್ನು ನೋಡಿ, ನನ್ನನ್ನು ನೋಡಿ, ಇನ್ನೊಂದು ಚಾ ಕೇಳಿದರು. ಅದನ್ನು ಅರ್ಧ ಕುಡಿದ ಮೇಲೆ ಮಾತಾಡಿದರು.

"ಹಕ್ಕಿ ಕೇಳಿದೆ. ಇಬ್ಬರೂ ಕೊಡುವ ಎರಡು ಮಾತಿಗೆ ಕಟ್ಟೆ ಬೇಕು. ಒಬ್ಬರದೇ ಒಂದು ಮಾತಿಗೆ ಎಲ್ಲಿಯಾದ್ರೂ ಆಗ್ತದೆ. ಹಾಗಾಗಿ ಸಣ್ಣಕ್ಕ ಈಗ ಜಟ್ಟಪ್ಪನ ಹೆಂಡತಿ." ಅವರು ಲೋಟ ಕೆಳಗಿಟ್ಟರು. "ಆದ್ರೆ ಜಟ್ಟಪ್ಪ ಸಣ್ಣಕ್ಕನ ಗಂಡ ಅಲ್ಲ."

"ಹಾಗೂ ಆಗ್ತದಾ?" ಎಂದಳು ಪದ್ದಕ್ಕ.

"ಆಯ್ತಲ್ಲ."

"ಯಾರು ಯಾರ ಎಂತದು ಅಂತ ಆಮೇಲೆ ತೀರ್ಮಾನ ಮಾಡಿ" ಎಂದು ಮಚವೆಯ ಮೇಲಿಂದ ಇಸುಬು ತಂಡೇಲರು ಕೂಗಿದರು. "ನೀರು ಇಳಿಯುದರ ಒಳಗೆ ನಾನು ಹೊರಡ್ಬೇಕು. ಕೋಳಿ ಬರ್ತದಾ ಇಲ್ವಾ?"

ಜಟ್ಟಪ್ಪನವರು ಕಂಬ ಬಿಟ್ಟು ನನ್ನ ಕಡೆಗೆ ನಡೆದು ಬಂದರು. ಮೊದಲ ಸಲ. ಹಕ್ಕಿ ಕಿರುಗುಟ್ಟಿಕೊಂಡು ಹಿಂದಿನ ಬಾಗಿಲಿಂದ ಓಡಿತು. ಅವರ ಮುಖದಲ್ಲಿ ಭಯವಿತ್ತು.

"ನೀವು ಹೀಗೆ ಮಾಡಬಾರದಿತ್ತು ಸಣ್ಣಮ್ಮ" ಎಂದರು. "ನಾನು ಬೇಕಾದಾಗ ಎದ್ದು ಹೋಗ್ಬಹುದು. ಹೋದ್ರೆ ಯಾರೂ ಕೇಳುವ ಹಾಗಿಲ್ಲ. ನೀವು ಕಟ್ಟಿ ಹಾಕಿಕೊಂಡ್ರಿ."

"ನನಗೆ ಎಲ್ಲಿಗೆ ಹೋಗ್ಲಿಕ್ಕುಂಟು? ಒಲೆ ಮೇಲೆ ಸಾರುಂಟು."

"ನನ್ನ ಮಾತಿಗೆ ಬೆಲೆ ಇಲ್ಲ."

"ಹಕ್ಕಿಯ ಲೆಕ್ಕದಲ್ಲಿ ಇಲ್ಲ. ನನಗೆ ಕಿವಿ ಕೇಳ್ತದೆ" ಎಂದೆ. "ಜನ್ಮ ಪೂರ್ತಿಯ ಮಾತು ನನಗೆ ಬೇಡ. 'ಇವತ್ತು' ಅಂತ ಒಂದು ಹೇಳಿ. ಇವತ್ತು ಹೋಗ್ತೀರಾ, ಇರ್ತೀರಾ?"

ಅವರು ಮಚವೆ ನೋಡಿದರು. ಕೋಳಿಗಳನ್ನು ನೋಡಿದರು. ಸುತ್ತ ಎಲ್ಲಿಯೂ ಹಕ್ಕಿ ಇರಲಿಲ್ಲ, ದಕ್ಕೆಯ ಜನರೆಲ್ಲ ಹುಡುಕಿ ನೋಡಿದ್ದರು.

"ಇವತ್ತು ಇರ್ತೇನೆ" ಎಂದರು.

ಕೋಳಿಗಳು ಇಳಿದವು. ತಂಡೇಲರು ಜಾಗ ಹಿಡಿದಿಟ್ಟದ್ದು ದಂಡ ಎಂದು ಬೈಯುತ್ತಾ ಹೊರಟರು, ಹೋಗುವ ಮುಂಚೆ ಎರಡು ಮೊಟ್ಟೆ ಒಡೆಸಿಕೊಂಡು ತಿಂದರು.

ಜಟ್ಟಪ್ಪನವರು ಕೋಳಿಗಳ ಸಮೇತ ನನ್ನ ಹೋಟೆಲಿನ ಹಿಂದಿನ ಮನೆಗೆ ಬಂದ ಮೇಲೆ ಸಿಳ್ಳಾರಗಳು ಈ ಕಡೆ ತಲೆ ಹಾಕುವುದನ್ನೇ ಬಿಟ್ಟವು. ನನ್ನ ವ್ಯಾಪಾರ ಮುಳುಗುತ್ತದೆ ಎಂದು ಎಲ್ಲರೂ ಹೇಳಿದರು, ನಾನೂ ಹಾಗೆಯೇ ಎಣಿಸಿದ್ದೆ. ಆದದ್ದು ಬೇರೆ. ಮಾತು ಚೆಲ್ಲಲು ತೆಂಕಣ ತುದಿಗೆ ಹೋಗುತ್ತಿದ್ದವರೆಲ್ಲ ಈಗ ನನ್ನ ಬೆಂಚಿಗೆ ಬರುತ್ತಾರೆ, ಬಂದವರು ಚಾ ಕುಡಿಯದೆ ಹೋಗುವುದಿಲ್ಲ. ವಾರಕ್ಕೊಮ್ಮೆ ಗುರಿಕಾರರು ಇಲ್ಲಿಯೇ ಕೂತು ಗುರಿಕಾರಿಕೆ ಬಿಡುತ್ತಾರೆ. ಚಾ ದೋಸೆಯ ದುಡ್ಡಿನ ಮಾತು ಗಟ್ಟಿಯಾಗಬೇಕಿದ್ದರೆ ಜನ ಹೊರಗೆ ಹೋಗಿ, ಕಂಬದ ಹತ್ತಿರ ಹಕ್ಕಿ ಹುಡುಕಿ, ಹೇಳಿ ಬರುತ್ತಾರೆ. ಅವರಿಗೂ ಕಾಲಿಗೆ ವ್ಯಾಯಾಮ.

ಕಟ್ಟೆಯನ್ನು ನಾವು ಮತ್ತೆ ಹತ್ತಲಿಲ್ಲ. ಮಳೆಗಾಲ ಕಳೆದ ಮೇಲೆ ನಾನೇ ಒಮ್ಮೆ ಕೇಳಿದೆ, ಹತ್ತುವುದಾ ಎಂದು. ಜಟ್ಟಪ್ಪನವರು ತಮ್ಮ ಕೈ ಎತ್ತಿ ನೋಡಿಕೊಂಡು ನಕ್ಕರು. ಹಾಗಾಗಿ ಊರಿನ ಲೆಕ್ಕದಲ್ಲಿ ನಾನು ಇವತ್ತಿಗೂ ಗಂಡನಿಲ್ಲದ ಹೆಂಡತಿ. ಅವರು ಯಾವ ದಿನ ಬೇಕಾದರೂ ಎದ್ದು ಹೋಗಬಹುದು. ಅದಕ್ಕೆ ಅವರು ದಿನವೂ ಬೆಳಿಗ್ಗೆ ಕೋಳಿ ಬಿಟ್ಟು ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು, ಇವತ್ತು ಇರ್ತೇನೆ ಎಂದು ನನಗೆ ಹೇಳಬೇಕು. ನಿನ್ನೆ ಹೇಳಿದ್ದು ನಿನ್ನೆಗೇ ಮುಗಿಯಿತು.

ಈ ಸುದ್ದಿ ಹೇಗೋ ಊರಿನ ಹೆಂಗಸರಿಗೆ ಗೊತ್ತಾಯಿತು. ಪದ್ದಕ್ಕ ಒಂದು ದಿನ ಗಂಡನನ್ನು ಊಟಕ್ಕೆ ಕೂರಿಸಿ, ನೀವೂ ಹೇಳಿ ಎಂದಳಂತೆ. ನಾನು ಕಟ್ಟೆಯ ಮೇಲೆ ಹೇಳಿಯಾಗಿದೆ, ಹಕ್ಕಿ ಕೇಳಿದೆ ಎಂದರಂತೆ ಗುರಿಕಾರರು. "ಅದು ಹಕ್ಕಿಗೆ ಹೇಳಿದ್ದು, ನನಗೆ ಹೇಳಿ" ಎಂದು ಪದ್ದಕ್ಕ ಅನ್ನದ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡಳಂತೆ. ಅವರು ಹೇಳಿದರೋ ಇಲ್ಲವೋ ಅವಳು ತಿಳಿಸಲಿಲ್ಲ. ಆದರೆ ಈಚೆಗೆ ಗುರಿಕಾರರು ನನ್ನಲ್ಲಿ ದೋಸೆ ತಿನ್ನಲು ಬರುವುದು ಕಡಿಮೆಯಾಗಿದೆ.

ಇವತ್ತು ಬೆಳಿಗ್ಗೆಯೂ ಜಟ್ಟಪ್ಪನವರು ಬಾಗಿಲಲ್ಲಿ ನಿಂತು ಹೇಳಿದರು. ಒಲೆಯ ಮೇಲೆ ಹಾಲು ಉಕ್ಕಿ ಬರುತ್ತಿತ್ತು, ಪಾತ್ರೆ ಇಳಿಸುವ ಗಡಿಬಿಡಿ. ನನಗೆ ಸರಿಯಾಗಿ ಕೇಳಿಸಿತ್ತು. ಆದರೂ ಎಂತ ಹೇಳಿದ್ರಿ ಎಂದು ಇನ್ನೊಮ್ಮೆ ಹೇಳಿಸಿದೆ.